ನಗುವ ಮುಖವನ್ನೇ ಒತ್ತಬೇಕು

ಎಂಟನೇ ತರಗತಿ ಮುಗಿದ ಮೇಲೆ ನಮಗೆ ಶಾಲೆಯ ಮುಂದಿನ ಗೇಟು ಮುಚ್ಚಿತು.

ಅದಕ್ಕೆ ಬೀಗ ಹಾಕಿರಲಿಲ್ಲ. ಉಳಿದವರಿಗೆ ತೆರೆದೇ ಇತ್ತು. ಕಾವಲುಗಾರ ನನ್ನ ಕೊರಳಲ್ಲಿದ್ದ ಗುರುತಿನ ಪಟ್ಟಿಯ ಬಣ್ಣ ನೋಡಿ, ನೀನು ಆ ಕಡೆಯಿಂದ ಹೋಗಮ್ಮ ಎಂದು ಕೈ ತೋರಿಸಿದ. ಕಾಂಪೌಂಡ್ ಗೋಡೆ ಹಿಡಿದು ನಡೆದೆ. ಮೋರಿ ದಾಟಿ, ಕಸದ ತೊಟ್ಟಿ ದಾಟಿ, ತಿರುವಿನಲ್ಲಿ ಒಂದು ತಗಡಿನ ಬಾಗಿಲು. ಅದರ ಮೇಲೆ ಇನ್ನೂ ಒಣಗದ ಬಣ್ಣದಲ್ಲಿ ‘ಕೌಶಲ ವಿಭಾಗ’ ಎಂದು ಬರೆದಿತ್ತು. ನನ್ನ ಹಾಗೆ ಗೋಡೆ ಹಿಡಿದು ಬಂದವರು ಆಗಲೇ ಅಲ್ಲಿ ನಿಂತಿದ್ದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಅದು ಹೊಸ ಶಿಕ್ಷಣ ನೀತಿ. ಎಂಟನೆಯ ಕೊನೆಗೆ ದೇಶದ ಮಕ್ಕಳಿಗೆಲ್ಲ ಒಂದೇ ಪರೀಕ್ಷೆ. ಮೇಲೆ ಬಂದವರು ಓದಬೇಕು, ಕೆಳಗೆ ಬಿದ್ದವರು ಕೆಲಸ ಕಲಿಯಬೇಕು. ಸರ್ಕಾರ ಇದನ್ನು ಹೀಗೆ ಹೇಳಲಿಲ್ಲ. ಪ್ರತಿ ಮಗುವಿಗೂ ಅದರ ಸಾಮರ್ಥ್ಯಕ್ಕೆ ತಕ್ಕ ದಾರಿ ಎಂದು ಹೇಳಿತು. ಪರೀಕ್ಷೆಯಲ್ಲಿ ಬಂದ ಅರ್ಧ ಪಾಠಗಳು ಟ್ಯೂಷನ್ನಿಗೆ ಹೋದವರಿಗೆ ಮಾತ್ರ ಗೊತ್ತಿದ್ದವು. ನಮ್ಮ ಕೇರಿಯಿಂದ ಬರೆದ ಎಲ್ಲರೂ ಕೆಳಗೆ ಬಿದ್ದೆವು. ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಒಂದು ಕೇರಿಯ ಮಕ್ಕಳಿಗೆಲ್ಲ ಒಂದೇ ಸಲ ಬುದ್ಧಿ ಹೇಗೆ ಕಮ್ಮಿಯಾಯಿತು ಅಂತ ಯಾರೂ ಕೇಳಲಿಲ್ಲ.

ನನ್ನ ಅಮ್ಮ ಬಸ್ ಡಿಪೋದಲ್ಲಿ ಬಸ್ ತೊಳೆಯುತ್ತಾಳೆ. ಕೌಶಲ ಅನ್ನುವ ಮಾತು ಅವಳಿಗೆ ಹಿಡಿಸಿತು. ಮೆಷಿನ್ನೋ ಕಂಪ್ಯೂಟರೋ ಏನೋ ಒಂದು ಕಲಿಸ್ತಾರೆ ಬಿಡು, ಎಲ್ಲರೂ ಓದಿ ಏನು ಮಾಡ್ತಾರೆ ಅಂದಳು. ನನಗೆ ಸಮಾಧಾನ ಹೇಳುತ್ತಿದ್ದಳೋ ತನಗೇ ಹೇಳಿಕೊಳ್ಳುತ್ತಿದ್ದಳೋ ಗೊತ್ತಿಲ್ಲ. ನಾನು ಮನೆಯಲ್ಲಿ ಒಂದು ಗಳಿಗೆ ಸುಮ್ಮನೆ ಕೂರುವವಳಲ್ಲ. ಬಾಯಿಬಡಕಿ ಅಂತಲೇ ಅವಳು ನನ್ನನ್ನು ಕರೆಯುವುದು.

ತಗಡಿನ ಬಾಗಿಲ ಒಳಗಿದ್ದದ್ದು ಲಾಂಡ್ರಿ.

ಮೇಲಿನ ವಿಭಾಗದ ಮಕ್ಕಳಿಗೆ ಶಾಲೆಯಲ್ಲೇ ಹಾಸ್ಟೆಲ್ ಇತ್ತು. ಅವರ ಹಾಸಿಗೆ ಬಟ್ಟೆ, ಸಮವಸ್ತ್ರ, ಟವೆಲು, ಒಳಬಟ್ಟೆ ಎಲ್ಲ ನಾವು ಒಗೆಯಬೇಕು. ಬೆಳಿಗ್ಗೆ ಸ್ವಲ್ಪ ಹೊತ್ತು ಪಾಠ. ಅದನ್ನೂ ಯಾರಾದರೂ ಬಿಡುವಾಗಿದ್ದ ಟೀಚರು ಬಂದು ಮಾಡುತ್ತಿದ್ದರು. ಆಮೇಲೆ ಮನೆಗೆ ಹೋಗುವ ತನಕ ಒಗೆತ. ಕೊಳೆಯ ಗಂಟು ಬಿಚ್ಚುವುದು, ಬಣ್ಣದ್ದು ಬಿಳಿಯದ್ದು ಬೇರೆ ಮಾಡುವುದು, ಸೋಡಾ ನೀರಿನಲ್ಲಿ ನೆನೆಸುವುದು, ಉಜ್ಜುವುದು, ಜಾಲಾಡುವುದು, ಹಿಂಡುವುದು, ಹರವುವುದು. ಒದ್ದೆ ಬೆಡ್‌ಶೀಟ್ ಎಷ್ಟು ಭಾರ ಅಂತ ಎತ್ತಿದವರಿಗೇ ಗೊತ್ತು. ಮೊದಲ ತಿಂಗಳಲ್ಲೇ ಅಂಗೈ ಚರ್ಮ ಸುಲಿಯಿತು. ಆಮೇಲೆ ಉಗುರಿನ ಬುಡದಲ್ಲಿ ಹುಣ್ಣು. ಅನ್ನಕ್ಕೆ ಕೈ ಹಾಕಿದರೆ ಉರಿ. ಮುಟ್ಟಿನ ದಿನ ಸೊಂಟ ಹಿಡಿದುಕೊಂಡು ಕೂತರೆ ತರಬೇತಿ ಸಾರ್ ಬಂದು, ಇದೇ ಕೆಲಸಕ್ಕೆ ನಾಳೆ ಹೊರಗೆ ಹೋದರೆ ಹೀಗೆ ಕೂರೋಕೆ ಬಿಡ್ತಾರಾ ಅನ್ನುತ್ತಿದ್ದರು. ಆಮೇಲಾಮೇಲೆ ಹಾಸ್ಟೆಲ್ಲಿನ ಬಟ್ಟೆಯ ಜೊತೆಗೆ ಊರಿನ ಲಾಡ್ಜುಗಳ ಬಟ್ಟೆಯೂ ವ್ಯಾನಿನಲ್ಲಿ ಬಂದು ಇಳಿಯತೊಡಗಿತು. ಅದಕ್ಕೆ ‘ಉದ್ಯಮ ಅನುಭವ’ ಅಂತ ಹೆಸರು.

ಅಂಗಿಗಳ ಕಾಲರಿನ ಒಳಗೆ ಹೆಸರು ಹೊಲಿದಿರುತ್ತಿತ್ತು. ಒಂದು ದಿನ ನನ್ನ ಕೈಗೆ ಬಂದ ಅಂಗಿ ನನ್ನ ಪಕ್ಕದಲ್ಲೇ ಕೂತು ಎಂಟನೆಯವರೆಗೆ ಓದಿದವಳದ್ದು. ನನ್ನ ಲೆಕ್ಕ ನೋಡಿಕೊಂಡು ಬರೆಯುತ್ತಿದ್ದವಳು. ಆ ವಾರವೇ ಅವಳು ಹಾಸ್ಟೆಲ್ ಮೆಟ್ಟಿಲ ಹತ್ತಿರ ಎದುರಾದಳು. ನಾನು ನಕ್ಕೆ. ಅವಳೂ ನಕ್ಕಳು. ಕಾಲರ್ ಇನ್ನೂ ಸ್ವಲ್ಪ ಚೆನ್ನಾಗಿ ಉಜ್ತೀಯಾ, ಪ್ಲೀಸ್ ಅಂದಳು. ಪ್ಲೀಸ್ ಅಂದದ್ದೇ ನನಗೆ ಹೆಚ್ಚು ಉರಿಯಿತು.

ಹೊಸ ನೀತಿಯಲ್ಲಿ ಮಕ್ಕಳ ಮನಸ್ಸಿನ ಆರೋಗ್ಯಕ್ಕೂ ಜಾಗ ಇತ್ತು. ಶುಕ್ರವಾರ ಯೋಗಕ್ಷೇಮ ಅವಧಿ. ಹೆಡ್ ಮೇಡಂ ಕೋಣೆಯ ಮುಂದೆ ಸಾಲಾಗಿ ನಿಲ್ಲಬೇಕು. ಮೇಜಿನ ಮೇಲೆ ಒಂದು ಟ್ಯಾಬು. ಅದರಲ್ಲಿ ಮೂರು ಮುಖ: ನಗುವುದು, ಸುಮ್ಮನಿರುವುದು, ಅಳುವುದು. ಈ ವಾರ ನಿನಗೆ ಹೇಗನಿಸಿತು ಅಂತ ಒಂದನ್ನು ಒತ್ತಬೇಕು. ಒತ್ತಿದ್ದು ನೇರ ಇಲಾಖೆಗೆ ಹೋಗುತ್ತಿತ್ತು.

ಮೊದಲ ವಾರ ನಾವೆಲ್ಲ ಇದ್ದದ್ದು ಇದ್ದ ಹಾಗೆ ಒತ್ತಿದೆವು. ಸೋಮವಾರ ಒಬ್ಬೊಬ್ಬರ ಮನೆಯವರನ್ನೇ ಕರೆಸಿದರು. ನಿಮ್ಮ ಮಗಳು ಅಳುವ ಮುಖ ಒತ್ತಿದ್ದಾಳೆ, ಮನೆಯಲ್ಲಿ ಹೊಡೀತೀರಾ, ಊಟಕ್ಕೆ ಹಾಕ್ತೀರಾ, ಗಂಡ ಕುಡೀತಾನಾ. ಅಮ್ಮ ಡಿಪೋದಲ್ಲಿ ಅರ್ಧ ದಿನದ ರಜ ಹಾಕಿ ಬಂದವಳು ಹೆಡ್ ಮೇಡಂ ಎದುರು ತಲೆ ತಗ್ಗಿಸಿ ನಿಂತಿದ್ದಳು. ಲಾಂಡ್ರಿಯ ಮಾತು ಯಾರೂ ಎತ್ತಲಿಲ್ಲ. ಅಳು ಏನಿದ್ದರೂ ಮನೆಯಿಂದಲೇ ಬರಬೇಕು, ಶಾಲೆಯಿಂದ ಬರುವ ಹಾಗಿರಲಿಲ್ಲ. ಮುಂದಿನ ಶುಕ್ರವಾರ ತರಬೇತಿ ಸಾರ್ ಸಾಲಿನ ಪಕ್ಕ ನಡೆಯುತ್ತ, ನಗುವ ಮುಖವನ್ನೇ ಒತ್ತಬೇಕು ಅಂದರು. ಒತ್ತಿದೆವು. ಆಮೇಲೆ ಹೇಳಿಸಿಕೊಳ್ಳುವ ಅಗತ್ಯವೂ ಬರಲಿಲ್ಲ.

ಸಾಲಿನಲ್ಲಿ ಯಾವಾಗಲೂ ನನ್ನ ಮುಂದೆ ನಿಲ್ಲುತ್ತಿದ್ದವಳು ಮೆಣಸಿನಕಾಯಿ. ನಮ್ಮ ಕೇರಿಯವಳೇ, ನನ್ನದೇ ವಯಸ್ಸು. ಆಳು ಗಿಡ್ಡ, ಮಾತು ಖಾರ, ಅದಕ್ಕೇ ಆ ಹೆಸರು. ಹೆಡ್ ಮೇಡಂ ಮೂಗಿನಲ್ಲಿ ಮಾತಾಡುವುದನ್ನು ಅವಳು ಮಾಡಿ ತೋರಿಸಿದರೆ ನಾವು ಒಗೆಯುವ ತೊಟ್ಟಿಯೊಳಗೆ ಬಿದ್ದು ನಗುತ್ತಿದ್ದೆವು. ಆ ಲಾಂಡ್ರಿಯಲ್ಲಿ ನಾವು ನಿಜವಾಗಿ ನಕ್ಕದ್ದು ಅವಳಿಂದ ಮಾತ್ರ.

ಒದ್ದೆ ಬಟ್ಟೆ ಹಿಂಡುವ ಯಂತ್ರ ಹಳೆಯದು. ಎರಡು ದಪ್ಪ ಉರುಳೆ, ಮಧ್ಯೆ ಬಟ್ಟೆ ತೂರಿಸಿದರೆ ಎಳೆದುಕೊಂಡು ಹಿಂಡಿ ಆ ಕಡೆ ಉಗುಳುತ್ತದೆ. ಅದರ ಮುಂದೆ ಒಂದು ತಡೆಸರಳು ಇರಬೇಕಿತ್ತು. ಕಿತ್ತುಹೋಗಿತ್ತು. ಒಂದು ದಿನ ಲಾಡ್ಜಿನ ಬಟ್ಟೆ ಬೇಗ ಹೋಗಬೇಕು ಅಂತ ತರಬೇತಿ ಸಾರ್ ಹಿಂದೆಯೇ ನಿಂತು ಕೂಗುತ್ತಿದ್ದರು. ಮೆಣಸಿನಕಾಯಿ ಬೆಡ್‌ಶೀಟಿನ ಮಡಿಕೆ ಸರಿಮಾಡಲು ಕೈ ಹಾಕಿದಳು. ಬೆಡ್‌ಶೀಟಿನ ಜೊತೆ ಕೈಯೂ ಹೋಯಿತು. ನಾನು ಸ್ವಿಚ್ಚಿಗೆ ಓಡಿದೆ. ಆ ಕಡೆ ಬಂದ ಬೆಡ್‌ಶೀಟು ಬೆಳ್ಳಗಿರಲಿಲ್ಲ.

ಬಲಗೈಯ ಎರಡು ಬೆರಳು ಹೋದವು. ಬರೆಯುವ ಬೆರಳು.

ವಿದ್ಯಾರ್ಥಿನಿಯ ಅಜಾಗರೂಕತೆ ಅಂದಿತು ಶಾಲೆ. ಗಾಯ ಮಾಗುವ ಮೊದಲೇ ಅವಳು ವಾಪಸ್ ಬಂದಳು, ಬಾರದಿದ್ದರೆ ಹಾಜರಿ ಹೋಗುತ್ತದೆ ಅಂತ ಹೆದರಿಸಿದ್ದರು. ಆ ಶುಕ್ರವಾರವೂ ಸಾಲು ಇತ್ತು. ಬ್ಯಾಂಡೇಜ್ ಸುತ್ತಿದ ಕೈ ಎದೆಗೆ ಆನಿಸಿಕೊಂಡು ಅವಳು ಎಡಗೈಯಲ್ಲಿ ಅಳುವ ಮುಖ ಒತ್ತಿದಳು. ಸೋಮವಾರ ಅವಳ ಅಪ್ಪನನ್ನು ಕರೆಸಿದರು. ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಮನುಷ್ಯ. ಮನೆಯಲ್ಲಿ ನೆಮ್ಮದಿ ಇಲ್ಲದ್ದಕ್ಕೇ ಮಗುವಿನ ಗಮನ ಕೆಲಸದ ಮೇಲೆ ಇರಲಿಲ್ಲ ಅಂತ ಅವನ ಬಾಯಿಂದ ಹೇಳಿಸಿ ಸಹಿ ಹಾಕಿಸಿಕೊಂಡರು. ಹೊರಗೆ ಬಂದು ಅವನು ಮಗಳ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿ ನಿಂತ. ಮುಂದಿನ ಶುಕ್ರವಾರ ಅವಳು ನಗುವ ಮುಖ ಒತ್ತಿದಳು. ಅಲ್ಲಿಂದ ಮಾತು ಬಿಟ್ಟಳು. ಹೂಂ ಇಲ್ಲ, ಉಹೂಂ ಇಲ್ಲ. ಕರೆದರೆ ತಿರುಗಿ ನೋಡುತ್ತಿದ್ದಳು, ಅಷ್ಟೆ.

ಅದೇ ಹೊತ್ತಿಗೆ ಅಕ್ಕ ನಮ್ಮ ಕೇರಿಗೆ ಬಂದಳು.

ಅಕ್ಕ ಅಂದರೆ ಇಡೀ ಕೇರಿಗೆ ಅಕ್ಕ. ಅವಳ ಅಮ್ಮ ನಾಲ್ಕು ಮನೆಗಳ ಮುಸುರೆ ತಿಕ್ಕಿ ಅವಳನ್ನು ಓದಿಸಿದಳು. ನಮ್ಮ ಅಮ್ಮನಿಗೆ ಅಕ್ಷರ ತಿದ್ದಿಸಿದವಳು ಅಕ್ಕನೇ. ಚುನಾವಣೆಗೆ ನಿಂತಾಗ ಅಮ್ಮ ಡಿಪೋ ಕೆಲಸ ಮುಗಿಸಿ ಬಂದು, ಸುಸ್ತು ಅನ್ನದೆ, ಮನೆಮನೆ ಹತ್ತಿ ಓಟು ಕೇಳಿದ್ದಳು. ಗೆದ್ದು ಸಂಸತ್ತಿಗೆ ಹೋದ ಮೇಲೂ ಅಕ್ಕ ನಮ್ಮನ್ನು ಮರೆತಿರಲಿಲ್ಲ. ಹೊಸ ನೀತಿಯಿಂದ ಮಕ್ಕಳಿಗೆ ಏನಾಗಿದೆ ಅಂತ ವಿಚಾರಣೆ ಮಾಡಲು ಸಂಸತ್ತು ಒಂದು ಸಮಿತಿ ಮಾಡಿತ್ತು. ಅದಕ್ಕೆ ಅವಳೇ ಅಧ್ಯಕ್ಷೆ.

ಅಕ್ಕ ನಮ್ಮ ಮನೆಯ ಹೊಸ್ತಿಲ ಮೇಲೆ ಕೂತಳು. ಕುರ್ಚಿ ತಂದರೆ ಬೇಡ ಅಂದಳು. ನನ್ನ ಎರಡೂ ಕೈ ಹಿಡಿದು ತಿರುಗಿಸಿ ನೋಡಿದಳು. ಅವಳ ಕಣ್ಣು ತುಂಬಿತು. ಸುಳ್ಳು ಕಣ್ಣೀರು ಅಂತ ಈಗಲೂ ನಾನು ಹೇಳುವುದಿಲ್ಲ.

“ರಾಜಧಾನಿಗೆ ಬಾ,” ಅಂದಳು. “ಸಮಿತಿ ಮುಂದೆ ಕೂತು ಇದ್ದದ್ದನ್ನ ಇದ್ದ ಹಾಗೆ ಹೇಳು. ನೀನು ಹೇಳಿದ್ದರಲ್ಲಿ ಒಂದಕ್ಷರ ಬಿಟ್ಟುಹೋಗದ ಹಾಗೆ ನಾನು ನೋಡ್ಕೋತೀನಿ.”

ಅಮ್ಮನಿಗೆ ಭಯ. ಶಾಲೆಯವರು ಸುಮ್ಮನೆ ಬಿಡ್ತಾರಾ ಅಕ್ಕಾ ಅಂತ ಕೇಳಿದಳು. ನಾನಿದ್ದೀನಲ್ಲ, ನಮ್ಮವಳ ಮೈ ಮುಟ್ಟೋಕೆ ಬಿಡ್ತೀನಾ ಅಂದಳು ಅಕ್ಕ. ಅಷ್ಟು ಸಾಕಾಯಿತು ಅಮ್ಮನಿಗೆ.

ಮೆಣಸಿನಕಾಯಿಯ ಅಪ್ಪ ಮಗಳನ್ನು ಕಳಿಸಲು ಒಪ್ಪಲಿಲ್ಲ. ಒಮ್ಮೆ ಸಹಿ ಹಾಕಿ ಅವನ ಮರ್ಯಾದೆ ಹೋಗಿತ್ತು. ನಾನು ಹೊರಡುವ ಬೆಳಿಗ್ಗೆ ಅವಳು ನಮ್ಮ ಮನೆಗೆ ಬಂದಳು. ಬಲಗೈಯನ್ನು ನನ್ನ ಮುಖದ ಹತ್ತಿರ ತಂದು ಹಿಡಿದಳು. ಹೇಳ್ತೀನಿ ಕಣೇ, ಮೊದಲು ಅದನ್ನೇ ಹೇಳ್ತೀನಿ ಅಂದೆ. ಕೈ ಇಳಿಸಿ ಹೋದಳು.

ಸಮಿತಿಯ ಕೋಣೆ ತಣ್ಣಗಿತ್ತು. ಉದ್ದದ ಮೇಜಿನ ಸುತ್ತ ಸದಸ್ಯರು, ಪ್ರತಿಯೊಬ್ಬರ ಮುಂದೆ ಮೈಕು, ನೀರಿನ ಬಾಟಲಿ. ಅಮ್ಮನನ್ನು ಹೊರಗೆ ಕೂರಿಸಿದರು. ಮೊದಲು ಇಲಾಖೆಯ ಅಧಿಕಾರಿ ಮಾತಾಡಿದ. ಗೋಡೆಯ ಮೇಲೆ ಬಣ್ಣಬಣ್ಣದ ಕಂಬಗಳ ನಕ್ಷೆ ತೋರಿಸಿದ. ಓದುವ ವಿಭಾಗದ ಮಕ್ಕಳಿಗಿಂತ ಕೌಶಲ ವಿಭಾಗದ ಮಕ್ಕಳೇ ಹೆಚ್ಚು ಸಂತೋಷವಾಗಿದ್ದಾರೆ, ಇದು ಮಕ್ಕಳೇ ಕೊಟ್ಟ ಉತ್ತರ ಅಂದ. ಓದುವವರಿಗೆ ಮನಸ್ಸಿಗೆ ಬಂದ ಮುಖ ಒತ್ತುವ ಸ್ವಾತಂತ್ರ್ಯ ಇತ್ತು. ಅದಕ್ಕೇ ಅವರ ಕಂಬ ಚಿಕ್ಕದು, ನಮ್ಮದು ಎತ್ತರ.

ಆಮೇಲೆ ನನ್ನ ಸರದಿ. ಅಕ್ಕ ಎದುರಿಗೆ ಕೂತು, ಹೇಳು ಮಗಳೇ ಅಂದಳು. ಆ ಒಂದು ಮಾತಿಗೆ ಬಾಯಿ ಬಿಟ್ಟಿತು. ಬೆರಳಿನಿಂದಲೇ ಶುರು ಮಾಡಿದೆ. ತಡೆಸರಳು, ಕೂಗಾಟ, ಕೆಂಪಾದ ಬೆಡ್‌ಶೀಟು. ಗೋಡೆ ಹಿಡಿದು ಬರುವ ದಾರಿ, ಲಾಡ್ಜಿನ ಗಂಟುಗಳು, ಅದರಲ್ಲಿ ಏನೇನು ಕೊಳೆ ಇರುತ್ತದೆ ಅನ್ನುವುದು. ಆ ಎತ್ತರದ ಕಂಬವನ್ನು ನಾವು ಹೇಗೆ ಕಟ್ಟಿದೆವು ಅನ್ನುವುದನ್ನೂ ಹೇಳಿದೆ. ಅಧಿಕಾರಿ ಟೈ ಸಡಿಲ ಮಾಡಿಕೊಂಡ. ವಯಸ್ಸಾದ ಒಬ್ಬ ಸದಸ್ಯರು ಕನ್ನಡಕ ತೆಗೆದು ಒರೆಸಿಕೊಂಡರು.

ನಿನಗೆ ಏನು ಬೇಕು ಅಂತ ಅಕ್ಕ ಕೇಳಿದಳು.

“ಲಾಂಡ್ರಿ ಮುಚ್ಚಿ. ನಮಗೂ ಪಾಠ ಮಾಡಿ. ಮುಂದಿನ ಗೇಟಿಂದ ಒಳಗೆ ಬಿಡಿ,” ಅಂದೆ. “ಆಮೇಲೆ ನಮ್ಮ ಮೆಣಸಿನಕಾಯಿ ಹತ್ರ ಯಾರಾದ್ರೂ ತಪ್ಪಾಯ್ತು ಅಂತ ಹೇಳಬೇಕು.”

ಎಲ್ಲರೂ ಚಪ್ಪಾಳೆ ತಟ್ಟಿದರು. ಸಮಿತಿಯಲ್ಲಿ ಚಪ್ಪಾಳೆ ತಟ್ಟುವ ಪದ್ಧತಿಯೇ ಇಲ್ಲವಂತೆ, ನಿನಗೋಸ್ಕರ ತಟ್ಟಿದರು ಅಂತ ಅಕ್ಕನ ಆಪ್ತ ಸಹಾಯಕ ಆಮೇಲೆ ಹೇಳಿದ. ಅವನು ತಲೆ ನೆರೆತ, ನಯವಾದ ಮಾತಿನ ಮನುಷ್ಯ. ವಾಪಸ್ ಬರುವಾಗ ರೈಲಿನಲ್ಲಿ ಅಮ್ಮ ಎದುರಿಗೆ ಕೂತವರಿಗೆಲ್ಲ ಹೇಳಿದಳು, ನನ್ನ ಮಗಳು ಸಂಸತ್ತಲ್ಲಿ ಮಾತಾಡಿ ಬಂದಳು ಅಂತ. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡು ಹಿಗ್ಗುತ್ತಿದ್ದೆ.

ಸಮಿತಿಯವರು ಶಾಲೆ ನೋಡಲು ಬರುತ್ತಾರೆ ಅಂತ ಸುದ್ದಿ ಬಂದಾಗ ಲಾಂಡ್ರಿಗೆ ಸುಣ್ಣ ಬಳಿದರು. ನಮಗೆಲ್ಲ ರಬ್ಬರ್ ಕೈಗವಸು ಕೊಟ್ಟರು. ಯಂತ್ರಕ್ಕೆ ಹೊಸ ತಡೆಸರಳು ಬಂತು. ಅವರು ಬಂದು, ನೋಡಿ, ಫೋಟೊ ತೆಗೆಸಿಕೊಂಡು ಹೋದರು. ಮಾರನೆಯ ದಿನ ಕೈಗವಸುಗಳನ್ನು ಎಣಿಸಿ ವಾಪಸ್ ತೆಗೆದುಕೊಂಡರು. ಹರಿದುಹೋಗ್ತವೆ ಅಂದರು. ಇರಲಿ, ಇನ್ನು ಕೆಲವೇ ದಿನ ಅಂತ ನಾನು ಎಲ್ಲರಿಗೂ ಧೈರ್ಯ ಹೇಳಿದೆ. ನನ್ನನ್ನು ನಂಬಿ ಅವರೂ ಕಾದರು. ಇದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಅಕ್ಕನ ಮಾತನ್ನು ನಾನು ನನ್ನ ಮಾತು ಮಾಡಿಕೊಂಡು ಹಂಚಿದ್ದೆ.

ವರದಿ ಬಂತು. ಅದರ ಜೊತೆಗೇ ಅಕ್ಕ ಶಿಕ್ಷಣ ಮಂತ್ರಿಯಾದ ಸುದ್ದಿಯೂ ಬಂತು. ಕೇರಿಯಲ್ಲಿ ಪಟಾಕಿ ಹೊಡೆದರು. ಆಪ್ತ ಸಹಾಯಕ ಒಂದು ದಪ್ಪ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, ನಿನ್ನ ಪ್ರಸ್ತಾಪ ಇದೆ ನೋಡಮ್ಮ ಅಂದ. ಅಮ್ಮ ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತು, ಜೋರಾಗಿ ಓದು ಅಂದಳು.

ಓದಿದೆ. ಬೆರಳಿನ ಮಾತು ಹುಡುಕಿದೆ. ‘ಪ್ರಾರಂಭದ ಹಂತದಲ್ಲಿ ಕೆಲವು ಸಣ್ಣಪುಟ್ಟ ಅವಘಡಗಳು’ ಅಂತ ಒಂದು ಸಾಲು ಇತ್ತು. ಮುಖಗಳ ಮಾತು ಹುಡುಕಿದೆ. ಮೂರು ಮುಖಗಳ ಬದಲು ಐದು ಮುಖ ಇಡಬೇಕು ಅಂತ ಶಿಫಾರಸು ಮಾಡಿದ್ದರು. ಗೇಟಿನ ಮಾತು ಇರಲೇ ಇಲ್ಲ. ಆಮೇಲೆ ನಾನು ಸಿಕ್ಕಿದೆ. ಹೀಗೆ ಬರೆದಿತ್ತು:

‘ಕೌಶಲ ವಿಭಾಗದ ಒಬ್ಬ ವಿದ್ಯಾರ್ಥಿನಿಯ ಮಾತುಗಾರಿಕೆ ಮತ್ತು ನಿರ್ಭೀತಿಯನ್ನು ಸಮಿತಿಯು ಮೆಚ್ಚುಗೆಯಿಂದ ಗಮನಿಸಿತು. ಹಿಂದುಳಿದ ಹಿನ್ನೆಲೆಯ ಮಗುವೊಂದು ಇಂಥ ಆತ್ಮವಿಶ್ವಾಸವನ್ನು ಗಳಿಸಿರುವುದು ಈ ವಿಭಾಗದ ಯಶಸ್ಸಿಗೆ ಸಾಕ್ಷಿ. ಆದ್ದರಿಂದ ಇದರ ಪ್ರಯೋಜನವನ್ನು ಇನ್ನೂ ಚಿಕ್ಕ ಮಕ್ಕಳಿಗೆ ವಿಸ್ತರಿಸುವುದು ಸೂಕ್ತ.’

ಎಂಟನೆಯ ಬದಲು ಇನ್ನು ಮೇಲೆ ಐದನೆಯ ಕೊನೆಗೇ ಪರೀಕ್ಷೆ.

ಅಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ನಿನ್ನನ್ನ ಹೊಗಳಿದ್ದಾರಲ್ಲ ಅಂದಳು. ಎರಡನೆಯ ಸಲ ಓದಿದೆ. ಅವಳು ಎದ್ದು ಹೋಗಿ ನೀರಿನ ಕೊಡ ಎತ್ತಿದಳು, ಎಲ್ಲಿಗೆ ಒಯ್ಯಬೇಕು ಅಂತ ತಿಳಿಯದೆ ಮತ್ತೆ ಅಲ್ಲೇ ಇಟ್ಟಳು. ಸಂಜೆ ಮೆಣಸಿನಕಾಯಿಗೂ ಆ ಸಣ್ಣಪುಟ್ಟ ಅವಘಡದ ಸಾಲು ಓದಿ ಹೇಳಿದೆ.

ಅಕ್ಕನನ್ನು ನೋಡಬೇಕು ಅಂತ ನಮ್ಮ ಊರಿನಲ್ಲಿದ್ದ ಅವಳ ಕಚೇರಿಗೆ ಹೋದೆ. ಎಷ್ಟೋ ಹೊತ್ತು ಕಾಯಿಸಿ ಒಳಗೆ ಬಿಟ್ಟರು. ಅಕ್ಕ ಎದ್ದು ಬಂದು ತಬ್ಬಿಕೊಂಡಳು. ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ವಿವರಿಸಿದಳು. ಸಮಿತಿಯಲ್ಲಿ ಎಲ್ಲ ಪಕ್ಷದವರೂ ಇರುತ್ತಾರಂತೆ. ಎಲ್ಲರೂ ಒಪ್ಪದಿದ್ದರೆ ವರದಿಯೇ ಹೊರಗೆ ಬರುವುದಿಲ್ಲವಂತೆ. ನಾನು ಹೇಳಿದ್ದನ್ನೆಲ್ಲ ಬರೆದಿದ್ದರೆ ಅದು ಕಸದ ಬುಟ್ಟಿಗೆ ಹೋಗುತ್ತಿತ್ತಂತೆ. ಈಗ ಕೈಗವಸು ಕಡ್ಡಾಯವಾಗಿದೆ, ತಡೆಸರಳು ಕಡ್ಡಾಯವಾಗಿದೆ. ತಾನು ಮಂತ್ರಿಯಾಗಿ ಒಳಗೆ ಇದ್ದರೆ ಸ್ವಲ್ಪ ಸ್ವಲ್ಪವೇ ಬದಲಾಯಿಸಬಹುದು.

ಅವಳು ಹೇಳುವುದರಲ್ಲಿ ನಿಜ ಇದೆಯೇನೋ ಅಂತ ಒಂದು ಗಳಿಗೆ ನನಗೂ ಅನ್ನಿಸಿತು. ಆಮೇಲೆ ಐದನೆಯ ಮಕ್ಕಳು ಕಣ್ಣ ಮುಂದೆ ಬಂದರು. ನಮ್ಮ ಪಕ್ಕದ ಮನೆಯ ಮಗು ಐದನೆಯದು. ಒದ್ದೆ ಟವೆಲ್ ಎತ್ತಿದರೂ ಬಾಗಿಹೋಗುತ್ತದೆ.

ನಾನು ಹೇಳಿದ್ದನ್ನು ಪುಸ್ತಕದಿಂದ ತೆಗೆದುಬಿಡಿ ಅಂದೆ. ಅಕ್ಕ ನಕ್ಕಳು. ಸದನಕ್ಕೆ ಒಮ್ಮೆ ಕೊಟ್ಟ ಮಾತು ಸದನದ್ದು, ಅದನ್ನು ತೆಗೆಯೋಕೆ ನನಗೂ ಅಧಿಕಾರ ಇಲ್ಲ ಅಂದಳು.

“ಬೆರಳು ತೆಗೆಯೋಕೆ ಅಧಿಕಾರ ಇತ್ತಲ್ಲಕ್ಕ,” ಅಂದೆ.

ಅವಳ ಮುಖ ಗಂಟಾಯಿತು. ಆಮೇಲೆ ಇನ್ನೊಂದು ದಾರಿ ತೆಗೆದಳು. ನನ್ನನ್ನು ಓದುವ ವಿಭಾಗಕ್ಕೆ ಸೇರಿಸುತ್ತಾಳಂತೆ. ಹಾಸ್ಟೆಲ್ಲು, ಪುಸ್ತಕ, ಮುಂದೆ ಕಾಲೇಜು ಎಲ್ಲ ಅವಳ ಜವಾಬ್ದಾರಿ. ವರದಿ ಜಾರಿಗೆ ತರುವ ಕಾರ್ಯಕ್ರಮ ನಮ್ಮ ಶಾಲೆಯಲ್ಲೇ ನಡೆಯುತ್ತದೆ, ಅಲ್ಲಿ ನಾನು ವೇದಿಕೆಯ ಮೇಲೆ ಎರಡು ಮಾತಾಡಬೇಕು, ಅಷ್ಟೆ. ಮೆಣಸಿನಕಾಯಿಯ ಗತಿ ಏನು ಅಂತ ಕೇಳಿದೆ. ಎಲ್ಲರನ್ನೂ ಒಟ್ಟಿಗೆ ಎತ್ತೋಕಾಗಲ್ಲ ಮಗಳೇ ಅಂದಳು.

ಅಮ್ಮ ಒಪ್ಪಿಕೋ ಅಂದಳು. ಅವಳಿಗೆ ಎಲ್ಲ ಅರ್ಥವಾಗಿತ್ತು, ಆದರೂ ಒಪ್ಪಿಕೋ ಅಂದಳು. ನೀನೊಬ್ಬಳಾದರೂ ಈ ನೀರಿನಿಂದ ಕೈ ಎತ್ತು, ನನ್ನ ಕೈ ನೋಡಿದ್ದೀಯಲ್ಲ ಅಂದಳು. ನಾನು ಹೂಂ ಅಂದೆ. ಅವಳ ಮುಖ ನೋಡಿ ಉಹೂಂ ಅನ್ನಲು ಆಗಲಿಲ್ಲ. ಆ ಹೂಂ ನಿಜದ್ದೋ ಸುಳ್ಳೋ, ವೇದಿಕೆ ಹತ್ತುವವರೆಗೆ ನನಗೂ ಗೊತ್ತಿರಲಿಲ್ಲ.

ಕಾರ್ಯಕ್ರಮದ ದಿನ ನನಗೆ ಹೊಸ ಸಮವಸ್ತ್ರ ಕೊಟ್ಟರು. ಕಾಲರಿನ ಒಳಗೆ ಆಗಲೇ ನನ್ನ ಹೆಸರು ಹೊಲಿದಿತ್ತು. ಕಾವಲುಗಾರ ಗೇಟು ತೆರೆದು, ಬನ್ನಿ ಅಂದ. ನಿನ್ನೆಯವರೆಗೆ ಹೋಗು ಅನ್ನುತ್ತಿದ್ದವನು.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಅಧಿಕಾರಿಗಳು, ಅವರ ಹಿಂದೆ ಓದುವ ವಿಭಾಗದ ಮಕ್ಕಳು. ಗೋಡೆಯ ಉದ್ದಕ್ಕೂ ನಮ್ಮವರು ನೀರಿನ ಲೋಟದ ತಟ್ಟೆ ಹಿಡಿದು ನಿಂತಿದ್ದರು. ಮೆಣಸಿನಕಾಯಿಯೂ ಇದ್ದಳು, ತಟ್ಟೆಯನ್ನು ಎಡಗೈ ಮೇಲೆ ಹೊತ್ತು, ಬಲಗೈಯನ್ನು ಕೆಳಗೆ ಬಚ್ಚಿಟ್ಟು. ಹಾಗೆ ಬಚ್ಚಿಡಬೇಕು ಅಂತ ಹೇಳಿದ್ದರಂತೆ. ಅವಳು ನನ್ನ ಹೊಸ ಬಟ್ಟೆಯನ್ನು ಮೇಲಿಂದ ಕೆಳಗೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಕ್ಕ ಮಾತಾಡಿದಳು. ನಾನೂ ಮುಸುರೆ ತಿಕ್ಕುವವಳ ಮಗಳು ಅಂದಳು. ಚಪ್ಪಾಳೆ ಬಿತ್ತು. ಆಮೇಲೆ ನನ್ನನ್ನು ಕರೆದು ಮೈಕಿನ ಮುಂದೆ ನಿಲ್ಲಿಸಿದಳು.

ಏನು ಹೇಳಲಿ. ಬೈದರೆ, ನೋಡಿ ಎಷ್ಟು ಧೈರ್ಯ ಅಂತ ಬರೆದುಕೊಳ್ಳುತ್ತಾರೆ. ಅತ್ತರೆ ಕರುಣೆ ಅಂತ ಬರೆದುಕೊಳ್ಳುತ್ತಾರೆ. ನಾನು ಬಾಯಿ ತೆರೆದದ್ದೆಲ್ಲ ಅವರ ಪುಸ್ತಕಕ್ಕೆ ಹೋಗುತ್ತದೆ. ಹಾಗಾಗಿ ಬಾಯಿ ಮುಚ್ಚಿಕೊಂಡು ನಿಂತೆ. ಹುಟ್ಟಿದಾಗಿನಿಂದ ಅಷ್ಟು ಹೊತ್ತು ನಾನು ಸುಮ್ಮನಿದ್ದದ್ದು ಅದೇ ಮೊದಲು. ಮಾತಾಡು ಅಂತ ಹೆಡ್ ಮೇಡಂ ಹಿಂದಿನಿಂದ ತಿವಿದರು. ನಾನು ಮೈಕಿನ ಕಡೆಯೂ ತಿರುಗಲಿಲ್ಲ. ಸಭಾಂಗಣದಲ್ಲಿ ಗುಸುಗುಸು ಎದ್ದಿತು. ಅಕ್ಕ ಪಕ್ಕಕ್ಕೆ ಬಂದು ನನ್ನ ಹೆಗಲ ಮೇಲೆ ಕೈ ಹಾಕಿ, ಮೈಕಿಗೆ ಬಾಗಿ, ಸಂತೋಷಕ್ಕೆ ಮಗುವಿಗೆ ಮಾತೇ ಬರ್ತಿಲ್ಲ ಅಂದಳು. ಎಲ್ಲರೂ ನಕ್ಕರು.

ನನ್ನ ಸುಮ್ಮನಿರುವಿಕೆಯನ್ನೂ ತೆಗೆದುಕೊಂಡುಬಿಟ್ಟಳು.

ಆಗ ಗೋಡೆಯ ಹತ್ತಿರ ಏನೋ ಸದ್ದಾಯಿತು. ಮೆಣಸಿನಕಾಯಿ ತಟ್ಟೆಯನ್ನು ನೆಲದ ಮೇಲೆ ಇಟ್ಟಿದ್ದಳು. ಒಂದು ಲೋಟ ಉರುಳಿ ನೀರು ಹರಿಯಿತು. ಅವಳು ಅಧಿಕಾರಿಗಳ ಸಾಲಿನ ಮುಂದೆಯೇ ನಡೆದು ಬಂದಳು. ತರಬೇತಿ ಸಾರ್ ಎದ್ದು ಹಿಡಿಯಲು ಹೋದರು, ಇಷ್ಟು ಜನರ ಮುಂದೆ ಹೇಗೆ ಹಿಡಿಯುವುದು ಅಂತ ತಿಳಿಯದೆ ಅಲ್ಲೇ ನಿಂತರು. ಅವಳು ಮೆಟ್ಟಿಲು ಹತ್ತಿದಳು. ಅಕ್ಕನ ಮುಂದಿನ ಮೇಜಿನ ಮೇಲೆ, ವರದಿಯ ಪುಸ್ತಕದ ಮೇಲೆ, ಬಲಗೈಯನ್ನು ಅಂಗಾತ ಇಟ್ಟಳು.

“ಇದು ಸಣ್ಣದಾ ಪುಟ್ಟದಾ, ನೋಡಿ ಹೇಳಿ,” ಅಂದಳು.

ತಿಂಗಳುಗಟ್ಟಲೆ ಬಳಸದ ಗಂಟಲು. ಮಾತು ಒಡೆದು ಒಡೆದು ಬಂತು. ಮೈಕು ಅಲ್ಲೇ ಇತ್ತು, ಎಲ್ಲರಿಗೂ ಕೇಳಿಸಿತು. ಅಕ್ಕ ಆ ಕೈಯನ್ನು ನೋಡಲಿಲ್ಲ. ಆಪ್ತ ಸಹಾಯಕನನ್ನು ನೋಡಿದಳು. ಮೈಕು ಬಂದ್ ಆಯಿತು, ಕ್ಯಾಮೆರಾಗಳು ಕೆಳಗಿಳಿದವು. ನಾನು ಹೆಗಲ ಮೇಲಿದ್ದ ಅವಳ ಕೈ ತೆಗೆದು, ಮೆಣಸಿನಕಾಯಿಯ ಜೊತೆ ಕೆಳಗೆ ಇಳಿದೆ. ಗೋಡೆಯ ಉದ್ದಕ್ಕೂ ನಮ್ಮವರು ಒಬ್ಬರಾದ ಮೇಲೆ ಒಬ್ಬರು ತಟ್ಟೆ ಕೆಳಗೆ ಇಟ್ಟರು.

ಆ ದಿನ ಲಾಂಡ್ರಿ ನಡೆಯಲಿಲ್ಲ. ಮಾರನೆಯ ದಿನವೂ ನಡೆಯಲಿಲ್ಲ. ನಾವು ತಗಡಿನ ಬಾಗಿಲ ಹೊರಗೆ ನೆಲದ ಮೇಲೆ ಕೂತೆವು. ನೀರು ಕಾಯಿಸುವ ಬಾಯ್ಲರ್ ತಣ್ಣಗಾಯಿತು. ಲಾಡ್ಜಿನ ಗಂಟುಗಳು ವ್ಯಾನಿನಿಂದ ಇಳಿದು ಅಲ್ಲೇ ಬಿದ್ದು ವಾಸನೆ ಬರತೊಡಗಿದವು. ಹಾಸ್ಟೆಲ್ಲಿನ ಮಕ್ಕಳು ಕೊಳೆ ಅಂಗಿಯಲ್ಲೇ ಪಾಠಕ್ಕೆ ಹೋದರು. ಅವರಲ್ಲಿ ಇಬ್ಬರು ಮೂವರು ಬಂದು ನಮ್ಮ ಹತ್ತಿರ ನಿಂತು, ವಾಪಸ್ ಹೋದರು.

ಆಮೇಲೆ ಮನೆಯವರನ್ನು ಕರೆಸಿದರು. ಒಬ್ಬರ ಅಪ್ಪನ ಕೆಲಸದ ಜಾಗಕ್ಕೆ ಫೋನು ಹೋಯಿತು, ಇನ್ನೊಬ್ಬರ ಮನೆಯ ರೇಷನ್ನಿಗೆ ತಕರಾರು ಬಂತು. ಒಬ್ಬೊಬ್ಬರೇ ಅಳುತ್ತ ಎದ್ದು ಒಳಗೆ ಹೋದರು. ನಾನು ಯಾರನ್ನೂ ತಡೆಯಲಿಲ್ಲ. ತಡೆಯುವುದಕ್ಕೆ ನನ್ನ ಹತ್ತಿರ ಕೊಡಲು ಏನಿತ್ತು. ಕೊನೆಗೆ ನಾವಿಬ್ಬರೇ ಉಳಿದೆವು. ನಮ್ಮನ್ನು ಶಾಲೆಯಿಂದ ತೆಗೆದರು. ಮುಂದಿನ ವರ್ಷ ಐದನೆಯ ಕೊನೆಗೆ ಪರೀಕ್ಷೆ ನಡೆಯಿತು. ಪಕ್ಕದ ಮನೆಯ ಮಗುವೂ ಈಗ ಗೋಡೆ ಹಿಡಿದು ಹೋಗುತ್ತದೆ.

ಅಮ್ಮ ನನ್ನ ಜೊತೆ ಎಷ್ಟೋ ದಿನ ಮಾತು ಬಿಟ್ಟಿದ್ದಳು. ಬಾಗಿಲವರೆಗೆ ಬಂದದ್ದನ್ನು ಕಾಲಿಂದ ಒದ್ದುಬಿಟ್ಟೆಯಲ್ಲ ಅನ್ನುವ ಸಿಟ್ಟು. ಒಂದು ಬೆಳಿಗ್ಗೆ, ಮನೆಯಲ್ಲಿ ಕೂತು ಏನು ಮಾಡ್ತೀಯಾ, ಬಾ ಅಂದಳು. ಅವತ್ತಿನಿಂದ ಡಿಪೋದಲ್ಲಿ ಅವಳ ಜೊತೆ ಬಸ್ ತೊಳೆಯುತ್ತೇನೆ. ಅವಳು ಹೊರಗೆ ಪೈಪು ಹಿಡಿಯುತ್ತಾಳೆ, ನಾನು ಒಳಗೆ ಸೀಟಿನ ಕೆಳಗೆ ತೂರಿ ಜನ ಕಕ್ಕಿದ್ದನ್ನು, ಉಗುಳಿದ್ದನ್ನು ಕೆರೆಯುತ್ತೇನೆ. ಮೆಣಸಿನಕಾಯಿ ಸಂಜೆ ನಮ್ಮ ಮನೆಗೆ ಬಂದು ಎಡಗೈಯಲ್ಲಿ ಬರೆಯುವುದನ್ನು ಕಲಿಯುತ್ತಿದ್ದಾಳೆ. ಅವಳ ಮಾತು ಪೂರ್ತಿ ವಾಪಸ್ ಬಂದಿದೆ, ಖಾರ ಮೊದಲಿಗಿಂತ ಜಾಸ್ತಿ.

ಮೊನ್ನೆ ಅಕ್ಕನ ಆಪ್ತ ಸಹಾಯಕ ಡಿಪೋಗೆ ಬಂದಿದ್ದ. ಒದ್ದೆ ನೆಲದ ಮೇಲೆ ಬೂಟು ಎತ್ತಿ ಎತ್ತಿ ಇಡುತ್ತ ನಮ್ಮ ಬಸ್ಸಿನ ಹತ್ತಿರ ಬಂದ. ಹೊಸ ಸಮಿತಿ ಆಗುತ್ತಿದೆ, ನೀತಿಯನ್ನು ಮತ್ತೆ ಪರಿಶೀಲಿಸುತ್ತಾರೆ, ನಾನು ಮತ್ತೊಮ್ಮೆ ಬಂದು ಹೇಳಿಕೆ ಕೊಟ್ಟರೆ ಒಳ್ಳೆಯದು ಅಂದ. ಹಳೆಯದನ್ನೆಲ್ಲ ಮರೆತುಬಿಡೋಣ ಅಂದ. ನಾನು ಬಸ್ಸಿನ ಒಳಗಿಂದಲೇ, ಬರಲ್ಲ ಅಂದೆ.

ಅವನು ಅಮ್ಮನ ಕಡೆ ತಿರುಗಿದ. ಸ್ವರ ತಗ್ಗಿಸಿ, ಮೇಡಂಗೆ ತುಂಬಾ ನೋವಾಗಿದೆ, ನಮ್ಮವಳೇ ಹೀಗೆ ಮಾಡಿಬಿಟ್ಟಳಲ್ಲ ಅಂತ ಈಗಲೂ ಹೇಳ್ತಿರ್ತಾರೆ ಅಂದ.

ಅಮ್ಮ ಪೈಪಿನ ನೀರು ನಿಲ್ಲಿಸಿದಳು. ಅಕ್ಕನಿಗಾಗಿ ಮನೆಮನೆ ಹತ್ತಿದವಳು ಅವಳು. ಅಕ್ಷರ ತಿದ್ದಿಸಿಕೊಂಡವಳು. ಈಗ ಏನು ಹೇಳುತ್ತಾಳೋ ಅಂತ ನಾನು ಕಿಟಕಿಯಿಂದ ನೋಡಿದೆ.

“ನಮ್ಮವರು ಮಾಡಿದ್ದು ಅನ್ನೋ ನೋವು ನಮ್ಮದು ಕಣಪ್ಪ,” ಅಂದಳು ಅಮ್ಮ. “ಅದನ್ನೂ ತಗೊಂಡುಹೋಗಬೇಡಿ ಅಂತ ಹೇಳು.”

ಅವನು ಇನ್ನೂ ಏನೋ ಹೇಳಲು ಬಾಯಿ ತೆರೆದ. ಅಮ್ಮ ನೀರು ಬಿಟ್ಟಳು. ಅವನು ಬೂಟು ಎತ್ತಿಕೊಂಡು ಹಿಂದೆ ಸರಿದ. ಮುಂದಿನ ಬಸ್ಸು ಆಗಲೇ ಬಂದು ನಿಂತಿತ್ತು, ಮೈತುಂಬ ಕೆಸರು.